ಮೂರನೇ ಗೇರಿನಲ್ಲಿ ನರಗುಂದದ ತನಕ

ನಾನು ಒಳ್ಳೆಯ ಡ್ರೈವರ್ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರಲಿಲ್ಲ. ಇನ್ನೊಬ್ಬರ ದನಿ ತೆಗೆಯುವುದರಲ್ಲಿ ನಾನು ಗಟ್ಟಿಗ ಎಂಬುದನ್ನು ಮಾತ್ರ ಗಜೇಂದ್ರಗಡದಲ್ಲಿ ಯಾರನ್ನು ಕೇಳಿದರೂ ಒಪ್ಪುತ್ತಾರೆ. ಒಪ್ಪಿ, ಒಮ್ಮೆ ಹಿಂದೆ ಮುಂದೆ ನೋಡುತ್ತಾರೆ, ನಾನು ಎಲ್ಲಿ ಅವರದನ್ನೂ ಎತ್ತಿಕೊಂಡು ಹೋದೇನೋ ಎಂದು. ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ನಾನು ಮೂಗಿನಿಂದ ‘ರೋಣ, ನರಗುಂದ’ ಎಂದರೆ ಚೀಲ ಹೊತ್ತು ಎದ್ದವರಿದ್ದಾರೆ. ಎದ್ದು, ಬಸ್ಸಿಲ್ಲದ್ದು ನೋಡಿ, ನನಗೆ ಬೈದು, ಮತ್ತೆ ಕುಳಿತವರು.

ನಮ್ಮದು ನೇಕಾರರ ಮನೆ. ಅಪ್ಪ ಒಂದು ಮಗ್ಗಕ್ಕೆ, ಅಕ್ಕ ಇನ್ನೊಂದಕ್ಕೆ ಕುಳಿತರೆ ನಾನು ಕಟ್ಟೆಯ ಮೇಲೆ ಕುಳಿತು ಬಾಯಲ್ಲೇ ಮಗ್ಗ ಬಡಿಯುತ್ತಿದ್ದೆ. “ನಿನ್ನ ಬಾಯಾಗ ಒಂದ ಸೀರಿನರ ಹುಟ್ಟಿದ್ರ ಚಲೋ ಇತ್ತಲೇ” ಎನ್ನುತ್ತಿದ್ದ ಅಪ್ಪ. ಹುಟ್ಟಲಿಲ್ಲ. ಅದಕ್ಕೇ ಟೆಂಪೋ ಹೊಡೆಯುವುದಕ್ಕೆ ಹೋದೆ.

ಟೆಂಪೋ ಹೊಡೆಯುತ್ತಲೇ ರೋಣದ ಪೇಟೆಯ ಒಬ್ಬ ಹಿರಿಯ ಸಾಹುಕಾರರ ಪರಿಚಯವಾಯಿತು. ಕಾಳುಕಡಿಯ ವ್ಯಾಪಾರ ಅವರದು. ಅಸೂಟಿಯ ಕಡೆಯಿಂದ ಕಡಲೆ ಹೇರಿಕೊಂಡು ಬಂದು ಅವರ ಗೋದಾಮಿಗೆ ಇಳಿಸುವುದು ನನ್ನ ಕೆಲಸ. ಆ ಗೋದಾಮಿನ ಒಂದು ಮೂಲೆಯಲ್ಲಿ, ಚೀಲಗಳ ಪಕ್ಕ, ಅವರ ತಂದೆ ಮುಂಬಯಿಯಿಂದ ತಂದ ಹಳೆಯ ಅಮೆರಿಕನ್ ಕಾರು ನಿಂತಿತ್ತು. ಊರವರು ಅದಕ್ಕೆ ಕಾರು ಎನ್ನುವುದಿಲ್ಲ, ‘ಅಮೆರಿಕಾ’ ಎನ್ನುತ್ತಾರೆ. ‘ಅಮೆರಿಕಾ ಹೊರಗ ಬಂತು’ ಎಂದರೆ ಸಾಹುಕಾರರ ಬಳಗದಲ್ಲಿ ಮದುವೆ ಎಂದು ತಿಳಿಯಬೇಕು.

ಅದರ ಇಂಜಿನ್ನಿನ ಸಪ್ಪಳ ಕೇಳಿದ ದಿನವೇ ನನ್ನ ಗಂಟಲು ತುರಿಸತೊಡಗಿತು. ಸಾಲಾಗಿ ನಿಂತ ಆರು ಸಿಲಿಂಡರ್. ಈಗಿನ ಕಾರುಗಳು ಕಿರುಚಿಕೊಂಡು ಓಡುತ್ತವೆ. ಇದು ಗುನುಗಿಕೊಂಡು ಎಳೆಯುತ್ತದೆ. ಓಡುವ ಕುದುರೆಯಲ್ಲ, ಮಣ್ಣಲ್ಲಿ ಹೂತ ಬಂಡಿ ಎಳೆಯುವ ಎತ್ತು. ಗೇರು ಮೂರೇ. ಗೇರಿನ ಕೋಲು ನೆಲದಲ್ಲಿಲ್ಲ. ಸ್ಟೀರಿಂಗ್ ಕಂಬದಿಂದ, ಸಾರಿನ ಪಾತ್ರೆಯಿಂದ ಸೌಟು ಚಾಚಿದ ಹಾಗೆ, ಹೊರಗೆ ಚಾಚಿಕೊಂಡಿದೆ. ನಿಮ್ಮ ಕಡೆಗೆ ಎಳೆದು ಕೆಳಗೆ ಒತ್ತಿದರೆ ಒಂದನೆಯದು, ಹಾಗೇ ಎಳೆದು ಮೇಲೆತ್ತಿದರೆ ರಿವರ್ಸ್. ಮುಂದಕ್ಕೆ ತಳ್ಳಿ ಮೇಲೆತ್ತಿದರೆ ಎರಡು, ಕೆಳಗಿಳಿಸಿದರೆ ಮೂರು. ಎರಡಕ್ಕೂ ಮೂರಕ್ಕೂ ಹಲ್ಲುಗಳ ವೇಗ ಹೊಂದಿಸುವ ಉಂಗುರವಿದೆ, ಒಂದನೆಯದಕ್ಕೆ ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದಕ್ಕೆ ಹಾಕಿದಿರೋ, ಒಳಗೆ ಅತ್ತೆ-ಸೊಸೆ ಇಬ್ಬರೂ ಹಲ್ಲು ಕಡಿಯುತ್ತಾರೆ.

“ಗೇರ್ ಬಡಿಯೂದಲ್ಲ, ಬೇಡ್ಕೊಳ್ಳೂದು” ಎಂದು ಸಾಹುಕಾರರು ಹೇಳಿಕೊಟ್ಟರು. “ನ್ಯೂಟ್ರಲಿಗೆ ಬಂದ ಮ್ಯಾಲೆ ಒಂದ ಗಳಿಗಿ ತಡಿ. ಅದಕ್ಕೂ ವಯಸ್ಸಾಗೈತಿ, ನನಗೂ ಆಗೈತಿ. ಅವಸರಾ ಮಾಡಿದ್ರ ಇಬ್ಬರೂ ತಪ್ಪತೀವಿ.”

ತಿಂಗಳಿಗೆ ಒಂದೆರಡು ಸಲ ಅದನ್ನು ಚಾಲೂ ಮಾಡಿ, ಊರ ಹೊರಗೆ ಒಂದು ಸುತ್ತು ಹಾಕಿ ತರುವ ಕೆಲಸ ನನಗೆ ಬಂತು. ಒಂದನೇ ಗೇರಿನ ‘ಊಂ’ ಬೇರೆ, ರಿವರ್ಸಿನ ‘ಊಂ’ ಬೇರೆ. ರಿವರ್ಸಿನದು ಹಾರ್ಮೋನಿಯಮ್ಮಿನ ಒಂದು ಮನೆ ಮೇಲೆ. ಎರಡನ್ನೂ ಬಾಯಲ್ಲಿ ಬೇರೆ ಬೇರೆಯಾಗಿ ತೆಗೆಯಬಲ್ಲವನಾಗಿದ್ದೆ. ಇದು ಯಾವ ಶಾಲೆಯಲ್ಲೂ ಕಲಿಸದ ವಿದ್ಯೆ; ಕಲಿಸದಿರುವುದಕ್ಕೆ ಕಾರಣವೂ ಇದೆ.

ಹೋದ ವರ್ಷ ಅಕ್ಕನ ಮದುವೆ ನರಗುಂದದ ಬಟ್ಟೆ ವ್ಯಾಪಾರಿಗಳ ಮನೆಗೆ ಗೊತ್ತಾಯಿತು. ನಿಶ್ಚಯಕ್ಕೆ ಬಂದ ಅಕ್ಕನ ಅತ್ತೆ, ಅಕ್ಕ ನೇಯ್ದ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದರು: “ಬಣ್ಣಾ ಗಟ್ಟಿ…” ನಿಲ್ಲಿಸಿದರು. ಹುಬ್ಬು ಮೇಲೆ ಹೋಯಿತು. ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಒಳಗೆ ಹೋಯಿತು. ನಾವೆಲ್ಲ ಕಾದೆವು. “…ಐತೇನ್ರಿ?”

ಪೇಟೆಯ ದೊಡ್ಡಸ್ತಿಕೆ ಎಂದರೆ ಹೀಗಿರುತ್ತದೆ ಎಂದುಕೊಂಡೆ. ನೇಕಾರರ ಮನೆಯ ಗಾಳಿಯನ್ನೂ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಅವರು ಹೋದ ಸಂಜೆ, ಮನೆಯ ಹೆಂಗಸರ ನಡುವೆ ನಿಂತು, ಹೆಗಲ ಮೇಲೆ ಟಾವೆಲ್ ಸೆರಗು ಹಾಕಿಕೊಂಡು ಆ ಉಸಿರನ್ನು ಎಳೆದೇ ಎಳೆದೆ. ಚಹಾದಲ್ಲಿ, ಬಿಸ್ಕೀಟಿನಲ್ಲಿ, ಅಪ್ಪನ ಟೋಪಿಯಲ್ಲಿ, ಎಲ್ಲದರಲ್ಲೂ ಬಣ್ಣ ಗಟ್ಟಿ ಇದೆಯೇ ಎಂದು ಕೇಳಿದೆ. ಮುಶಿಗೇರಿಯ ಸೋದರತ್ತೆ ನಗುತ್ತಲೇ ಅದನ್ನು ಮೊಬೈಲಿನಲ್ಲಿ ಹಿಡಿದಳು. ಎರಡು ದಿನಗಳಲ್ಲಿ ಅದು ನರಗುಂದದಲ್ಲಿತ್ತು. ಆಕೆಗೆ ಬೆರಳು ಜಾರಿತಂತೆ. ಆಕೆಯ ಬೆರಳು ಯಾವಾಗಲೂ ಸರಿಯಾದ ಜಾಗಕ್ಕೇ ಜಾರುತ್ತದೆ.

ಬೀಗರ ಕಡೆಯಿಂದ ಜಗಳ ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು. ಅಕ್ಕನ ಅತ್ತೆ ಫೋನಿನಲ್ಲಿ ಅಪ್ಪನಿಗೆ ಒಂದೇ ಮಾತು ಹೇಳಿದರಂತೆ: “ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ.” ಅಪ್ಪ ಆ ದಿನ ಮಗ್ಗಕ್ಕೆ ಕುಳಿತವನು ಊಟಕ್ಕೆ ಏಳಲಿಲ್ಲ.

ಅಕ್ಕ ಮಾತ್ರ ನನ್ನ ಮುಂದೆ ಬಂದು ನಿಂತಳು. “ನಾ ಆ ಮನ್ಯಾಗ ಜೀವನಾ ಮಾಡಾಕಿ. ನೀ ನಗಿಸಿ ಎದ್ದು ಹೋಗಾವ. ಇನ್ನ ನಾ ಅಲ್ಲಿ ನಕ್ಕರೂ ತಪ್ಪು, ಸುಮ್ಮನಿದ್ರೂ ತಪ್ಪು.”

“ಅಕ್ಕಾ, ನಿನ್ನ ಕಳಸೂ ದಿನ ಅಮೆರಿಕಾ ತರ್ತೀನಿ. ಬೀಗರು ಎಲ್ಲಾ ಮರೀತಾರ.”

“ನನಗ ಅಮೆರಿಕಾ ಬ್ಯಾಡ. ನೀ ಅವತ್ತೊಂದ ದಿನ ಬಾಯಿ ಮುಚ್ಚಿಕೊಂಡಿದ್ರ ಸಾಕು.”

ಅವಳು ಕೇಳಿದ್ದನ್ನು ಬಿಟ್ಟು ಕೇಳದಿದ್ದನ್ನು ತಂದೆ. ಸಾಹುಕಾರರು ಕೀಲಿ ಕೊಡುವಾಗ ಕೈ ಸ್ವಲ್ಪ ತಡೆದರು. “ಹ್ಯಾಂಡ್ ಬ್ರೇಕ್ ನಂಬಬ್ಯಾಡ. ಗೇರಿನ ಬುಷ್ ಸವದು ಕೋಲು ಸಡಲಾಗೈತಿ. ಸಾವಕಾಶ” ಎಂದರು. ನಾನು ಅವರ ದನಿಯಲ್ಲೇ “ಸಾವಕಾಶ್ರೀ” ಎಂದೆ. ಅವರು ನಗಲಿಲ್ಲ.

ಹೆಣ್ಣು ಕಳಿಸುವಾಗ ನಮ್ಮ ಓಣಿಯಲ್ಲಿ ಒಂದು ಕಟ್ಟುನಿಟ್ಟಿದೆ. ಮದುಮಗಳು ಕುಳಿತ ಮೇಲೆ ಗಾಡಿ ಒಂದು ಗೇಣೂ ಹಿಂದೆ ಸರಿಯಬಾರದು. ಸರಿದರೆ ಹೆಣ್ಣು ತವರಿಗೆ ತಿರುಗಿ ಬರುತ್ತಾಳೆ ಎನ್ನುತ್ತಾರೆ. ಅದಕ್ಕೇ ಗಾಡಿಯನ್ನು ಮೊದಲೇ ತಿರುಗಿಸಿ, ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಗಾಲಿಗಳ ಮುಂದೆ ಲಿಂಬೆಹಣ್ಣು ಇಟ್ಟಿರುತ್ತಾರೆ. ನಮ್ಮದು ಗುಡ್ಡದ ಬುಡದ ಇಕ್ಕಟ್ಟಿನ ಓಣಿ. ಅಮೆರಿಕಾ ಓಣಿಗಿಂತ ಸ್ವಲ್ಪ ಸಣ್ಣದು, ಅಷ್ಟೇ. ಮುಂಜಾನೆ ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಯಲ್ಲಿ ಲಾರಿ ಹಿಂದೆ ಸರಿಯುವ ಪೀಂ ಪೀಂ ಹಾಡುತ್ತ, ಅದನ್ನು ರಿವರ್ಸಿನಲ್ಲೇ ಬಾಗಿಲ ತನಕ ತಂದೆ. ಮಂದಿ ಚಪ್ಪಾಳೆ ತಟ್ಟಿದರು. ಇಳಿಜಾರು ಇತ್ತು, ಹ್ಯಾಂಡ್ ಬ್ರೇಕ್ ನಂಬಬಾರದಿತ್ತು. ರಿವರ್ಸ್ ಗೇರಿನಲ್ಲೇ ಬಿಟ್ಟು ಇಳಿದೆ.

ಮಧ್ಯಾಹ್ನ ಅಕ್ಕ, ಭಾವ ಹಿಂದಿನ ಸೀಟಿನಲ್ಲಿ ಕುಳಿತರು. ಅವ್ವ ಅಳುತ್ತಿದ್ದಳು, ಅಪ್ಪ ಅಳದೆ ನಿಂತಿದ್ದ. ಬೀಗರ ಮಂದಿ ಗಾಡಿಯನ್ನು ಕಣ್ಣರಳಿಸಿ ನೋಡುತ್ತಿದ್ದರು. ನನ್ನ ಎದೆ ಉಬ್ಬಿತ್ತು. ಕ್ಲಚ್ ತುಳಿದು ಚಾಲೂ ಮಾಡಿದೆ, ಕೋಲನ್ನು ರಿವರ್ಸಿನಿಂದ ಒಂದನೇ ಗೇರಿಗೆ ಒಂದೇ ಏಟಿಗೆ ಇಳಿಸಿದೆ, ಸಿನಿಮಾದವರ ಹಾಗೆ. ಕೋಲು ಕೆಳಗೆ ಬಂತು. ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಜಿಗಿಯಿತು.

ಒಂದು ಮೊಳ ಇರಬಹುದು. ಬ್ರೇಕ್ ತುಳಿದೆ, ಇಂಜಿನ್ ಆರಿತು. ಲಿಂಬೆಹಣ್ಣುಗಳು ಗಾಲಿಯಿಂದ ದೂರ, ಇಡಿಯಾಗಿ, ದಾರಿಯಲ್ಲಿ ಉಳಿದಿದ್ದವು. ಊದುತ್ತಿದ್ದ ಸನಾದಿ ನಿಂತಿತು. ಮುಶಿಗೇರಿಯ ಸೋದರತ್ತೆ, ತಾನೊಬ್ಬಳೇ ಕೇಳಿಸಿಕೊಳ್ಳುವಂತೆ, ಅಂದರೆ ಇಡೀ ಓಣಿಗೆ ಕೇಳುವಂತೆ, “ಹಿಂದ ಹೋತವಾ ಗಾಡಿ. ಹುಡುಗಿ ತಿರುಗಿ ಬರಂಗಿದ್ರ ಏನ ಮಾಡೂದ” ಎಂದಳು.

ಕನ್ನಡಿಯಲ್ಲಿ ಅಕ್ಕನ ಮುಖ ಕಂಡಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಗಾಜಿನ ಆಚೆ ನಿಂತಿದ್ದ ಅತ್ತೆಯನ್ನು ನೋಡುತ್ತಿದ್ದಳು. ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ.

ಕೋಲು ಈಗ ಯಾವ ಕಡೆಗೂ ಅಲ್ಲಾಡಲಿಲ್ಲ. ಒಳಗೆ ಹಲ್ಲು ಮುರಿದಿದ್ದರೆ ಮುಗಿಯಿತು; ಮೇಲಿನ ಜೋಡಣೆ ತಪ್ಪಿದ್ದರೆ ಉಪಾಯವಿದೆ. ಯಾವುದೆಂದು ತಿಳಿಯಲಿಲ್ಲ. ಕೆಳಗಿಳಿದು ರೋಣಕ್ಕೆ ಫೋನ್ ಹಚ್ಚಿದೆ.

“ಗೇರ್ ಹಾಕಿದಾಗ ಏನ ಸಪ್ಪಳಾ ಬಂತು?” ಸಾಹುಕಾರರು ಕೇಳಿದರು.

“ಹಿಂಗ… ಟೊಕ್ಕಂತ್ರೀ. ಇಲ್ಲಾ, ಕಟ್ ಅಂದು ಆಮ್ಯಾಲೆ…”

“ಹಿಂಗ ಅಂದ್ರ ನನಗ ಹ್ಯಾಂಗ ತಿಳೀಬೇಕು? ತಗದು ತೋರ್ಸು. ಅದರ ದನಿ ನಿನಗ ಬರ್ತೈತಲ್ಲ.”

ಮತ್ತೆ ಚಾಲೂ ಮಾಡಿ ಕೇಳಿಸೋಣವೆಂದರೆ ಗಾಡಿ ಇನ್ನಷ್ಟು ಹಿಂದೆ ಹೋಗುತ್ತದೆ. ಬೇರೆ ದಾರಿ ಇರಲಿಲ್ಲ. ಅಳುತ್ತಿದ್ದ ಅವ್ವ, ಅಕ್ಕಿಕಾಳು ಹಿಡಿದು ನಿಂತ ಹೆಂಗಸರು, ಪೇಟ ಸುತ್ತಿದ ಬೀಗರು, ಇಷ್ಟು ಮಂದಿಯ ನಡುವೆ ನಾನು ಫೋನು ಬಾಯಿಗೆ ಹಿಡಿದು “ಗುರ್ರ್… ಟೊಕ್. ಕಟ್. ಊಂ…” ಎಂದೆ.

ಮೊದಲು ನಕ್ಕದ್ದು ನನ್ನ ಗೆಳೆಯರು. ಆಮೇಲೆ ಓಣಿಯೇ ನಕ್ಕಿತು. ಮೊಬೈಲುಗಳು ಮೇಲೆದ್ದವು. “ಇನ್ನೊಮ್ಮಿ” ಎಂದರು ಸಾಹುಕಾರರು. “ಕಟ್ ಆದ ಮ್ಯಾಲೆ ಕರ್ ಅಂತ ಕಡೀತೇನು?” ನಾನು ಇನ್ನೊಮ್ಮೆ ತೆಗೆದೆ. ಇನ್ನಷ್ಟು ನಕ್ಕರು. ‘ಕರ್’ ಇಲ್ಲ ಎಂದು ತೋರಿಸಲು ‘ಕರ್’ ತೆಗೆದು, ಇದಲ್ಲ ಎಂದು ತಲೆ ಅಲ್ಲಾಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಮನಸ್ಸಿಟ್ಟು, ಅಷ್ಟು ನಿಜವಾಗಿ ನಾನು ಯಾವ ದನಿಯನ್ನೂ ತೆಗೆದಿರಲಿಲ್ಲ. ಅಷ್ಟು ದೊಡ್ಡ ನಗೆಯೂ ನನಗೆ ಎಂದೂ ಸಿಕ್ಕಿರಲಿಲ್ಲ.

“ಇವತ್ತರ ಬಿಡಬೇಕಿತ್ತು ಈ ಆಟಾ” ಎಂದರು ಅಕ್ಕನ ಅತ್ತೆ. ಜೋರಾಗಿ ಅಲ್ಲ. ನಗು ತಾನೇ ಕಡಿಮೆಯಾಯಿತು.

ನಾನು ಆಟವಲ್ಲ ಎನ್ನಬೇಕಿತ್ತು. ಆದರೆ ಫೋನಿನಲ್ಲಿ ಸಾಹುಕಾರರು ‘ಊಂ ಎತ್ತರದ್ದೋ ತಗ್ಗಿನದ್ದೋ’ ಎಂದು ಕೇಳುತ್ತಿದ್ದರು. ಬಾಯಿ ತೆರೆದರೆ ಬಂದದ್ದು ರಿವರ್ಸಿನ ಊಂ. ಆಗ ಹಿಂದಿನ ಸೀಟಿನ ಕಿಟಕಿಯಿಂದ ಅಕ್ಕ, ತಲೆ ಎತ್ತದೆ, “ಅತ್ತೀ, ಇದು ಆಟಾ ಅಲ್ರಿ” ಎಂದಳು. “ಆಟಾ ಮಾಡೂಮುಂದ ಅಂವ ಮಂದೀ ಮಾರಿ ನೋಡ್ತಾನ್ರಿ. ಈಗ ನೆಲಾ ನೋಡಾಕತ್ತಾನ.”

ಮದುವೆಯಾಗಿ ಆ ಮನೆಯ ಸೊಸೆಯಾದ ಮೇಲೆ ಅಕ್ಕ ಅತ್ತೆಗೆ ಆಡಿದ ಮೊದಲ ಮಾತು ಅದಾಗಿತ್ತು. ತನಗಾಗಿ ಆಡಿಕೊಳ್ಳಬೇಕಾದ ಮಾತನ್ನು ನನಗಾಗಿ ಖರ್ಚು ಮಾಡಿದಳು.

ಸಾಹುಕಾರರು ರೋಗ ಹಿಡಿದಿದ್ದರು. “ಹಲ್ಲಿಗೆ ಏನೂ ಆಗಿಲ್ಲ. ಸ್ಟೀರಿಂಗ್ ಕಂಬದ ಬುಡದಾಗ ಎರಡ ಕಬ್ಬಿಣದ ಕೈ ಅದಾವ. ಒಂದು ಒಂದನೇ ಗೇರು, ರಿವರ್ಸಿಂದು. ಇನ್ನೊಂದು ಎರಡು, ಮೂರರದು. ನೀ ಬಡದ ಹೊಡ್ತಕ್ಕ ಕೋಲು ರಿವರ್ಸಿನ ಕೈ ಬಿಟ್ಟು ಇನ್ನೊಂದನ್ನ ಹಿಡದೈತಿ, ಗೇರು ಒಳಗ ರಿವರ್ಸಿನ್ಯಾಗ ಉಳದೈತಿ. ಬಾನೆಟ್ ಎತ್ತಿ ಎರಡೂ ಕೈ ಸರೀಗಿ ಮಾಡು. ತಡದು ಹಾಕು ಅಂದಿದ್ದೆ ನಿನಗ.”

ಬಾನೆಟ್ಟಿನ ಮೇಲಿನ ಹೂವಿನ ಜಾಲರಿಯನ್ನು ಹರಿಯಬೇಕಾಯಿತು. ಬಿಸಿಲಿಗೆ ಕಾದ ಇಂಜಿನ್ನಿನ ಪಕ್ಕ ಭುಜದ ತನಕ ತೋಳು ತೂರಿಸಿ, ಆ ಎರಡು ಕೈಗಳನ್ನು ಹುಡುಕಿ, ತಳ್ಳಿದೆ. ಒಂದು ಸಣ್ಣ ಟಕ್. ತಲೆ ಹೊರಗೆ ತೆಗೆದಾಗ ಮದುವೆಯ ಬಿಳಿ ಅಂಗಿಯ ಮೇಲೆ ಗ್ರೀಸು, ಗ್ರೀಸಿನ ಮೇಲೆ ಸೇವಂತಿಗೆ ಎಸಳು. ಯಾರೋ ಕ್ಲಿಕ್ ಎನ್ನಿಸಿದರು.

ಹಿರಿಯ ಹೆಂಗಸರು ಶಾಸ್ತ್ರದ ಪರಿಹಾರ ಹುಡುಕುತ್ತಿದ್ದರು. ಅಕ್ಕನ ಅತ್ತೆ ಅವರನ್ನು ಕಾಯಲಿಲ್ಲ. “ಹೊಸಾ ಲಿಂಬಿಹಣ್ಣ ಇಡ್ರಿ” ಎಂದವರೇ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕುಳಿತರು. ಅವರು ಬೀಗರ ಬಸ್ಸಿನಲ್ಲಿ ಬರುವವರಿದ್ದರು. “ನಾ ಇಲ್ಲೇ ಕೂಡ್ತೀನಿ. ಹಿಂದ ಹೋದ್ರ ನಾನೂ ಹೋಗ್ತೀನಿ.”

ಒಂದನೇ ಗೇರು, ತಡೆದು. ಎರಡು, ತಡೆದು. ಮೂರು. ಊರು ದಾಟಿದ ಮೇಲೆ ಆ ಕೋಲನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ಮುಟ್ಟಲೂ ಇಲ್ಲ. ಉಬ್ಬು ಬಂದರೆ ನಡಿಗೆಯ ವೇಗಕ್ಕೆ ಇಳಿಸುತ್ತಿದ್ದೆ. ನನ್ನ ಟೆಂಪೋ ಆಗಿದ್ದರೆ ಅಲ್ಲಿಯೇ ಗಡಗಡ ನಡುಗಿ ಆರುತ್ತಿತ್ತು. ಇದು ಮೂರನೇ ಗೇರಿನಲ್ಲೇ ಒಂದು ಸಲ ಗೊಣಗಿ, ಕೆಳಗಿನಿಂದ ಬಲ ತಂದುಕೊಂಡು, ಎಲ್ಲರನ್ನೂ ಎಳೆದುಕೊಂಡು ಏರುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳು ಹಿಂದೆ ಉಳಿದವು. ಎರಡೂ ಕಡೆ ಕಪ್ಪು ಎರೆ ಹೊಲ.

ರೋಣ ದಾಟಿದ ಮೇಲೆ ನನಗೊಂದು ಅನುಮಾನ ಬಂತು. ಇಂಜಿನ್ನಿನ ಗುನುಗಿನೊಳಗೆ ಏನೋ ತಪ್ಪುತ್ತಿತ್ತು. ಸಮನಾಗಿ ಹೋಗುತ್ತ, ಒಂದು ಕಡೆ ತಡೆದು, ಎಳೆದು, ಮತ್ತೆ ಮುಂದಕ್ಕೆ. ಆರರಲ್ಲಿ ಒಂದು ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ ಹೀಗೇ ತಾಳ ಬಿಡುತ್ತದೆ. ಇನ್ನೊಂದು ಅವಮಾನ ಕಾದಿದೆಯೆಂದು ನಾನು ಮುಂದೆ ಬಗ್ಗಿ ಕಿವಿ ಕೊಟ್ಟೆ. ಆಮೇಲೆ ಎಡಕ್ಕೆ ಬಗ್ಗಿದೆ. ಸಪ್ಪಳ ಆ ಕಡೆ ಹೆಚ್ಚಿತ್ತು.

“ಏನ ಕೇಳಾಕತ್ತೀದಿ ತಮ್ಮಾ?” ಎಂದರು ಅಕ್ಕನ ಅತ್ತೆ.

“ಒಂದ ಪ್ಲಗ್ ಬಿಡಾಕತ್ತೈತೇನೋ ಅಂತ, ಅವ್ವಾರ.”

ಅವರು ಕೈಚೀಲಕ್ಕೆ ಕೈ ಹಾಕಿದರು. “ಪ್ಲಗ್ ಅಲ್ಲ ಅದು. ನಾನು.”

ಉಸಿರಿನ ಪಂಪು ಹೊರಗೆ ತೆಗೆದು, ಬಾಯಿಗಿಟ್ಟು ಒತ್ತಿ, ಹುಬ್ಬು ಮೇಲಕ್ಕೆತ್ತಿ ಹಿಡಿದರು. ಅದೇ ಹುಬ್ಬು. ಆಮೇಲೆ ಸಾವಕಾಶವಾಗಿ ಮಾತು ಬಂತು. “ಸಣ್ಣಾಕಿದ್ದಾಗಿಂದ ಎದಿ ಹಿಂಗ. ಧೂಳಾಗಬಾರದು, ವಾಸನಿ ಆಗಬಾರದು. ನಿಶ್ಚೇದ ದಿನ ನಿಮ್ಮನಿ ಹಿತ್ತಲದಾಗ ಬಣ್ಣದ ನೂಲು ಒಣಗಾಕ ಹಾಕಿದ್ರಿ. ಹೊರಗ ಎದ್ದು ಹೋಗಬೇಕಂತಿದ್ದೆ. ಹೆಣ್ಣಿನ ಮನಿ, ಮೂಗು ಮುಚ್ಚಿಕೊಂಡು ಎದ್ದು ಹೋದ್ಲು ಅಂದಾರು ಅಂತ ಕೂತೆ.”

ನಾನು ಸ್ಟೀರಿಂಗ್ ಹಿಡಿದಿದ್ದೆ. ಹಿಡಿಯಲು ಏನಾದರೂ ಇತ್ತಲ್ಲ ಎಂಬುದೇ ಪುಣ್ಯ.

“ನೀ ಭಾಳ ಬರೋಬ್ಬರಿ ತಗದೀದಿ” ಎಂದರು. ಸಿಟ್ಟಿರಲಿಲ್ಲ, ಸೀರೆಯ ನೇಯ್ಗೆ ಹೇಳುವ ಹಾಗೆ ಹೇಳಿದರು. “ನಮ್ಮ ಯಜಮಾನ್ರು ನೋಡಿ ಮೊದಲ ನಕ್ಕರು. ಆಮ್ಯಾಲೆ ಪಂಪ್ ಎಲ್ಲೈತಿ ಅಂತ ನೋಡಿದ್ರು. ಅಷ್ಟು ಬರೋಬ್ಬರಿ ಇತ್ತು.”

ಗೋದಾಮಿನ ಕತ್ತಲಲ್ಲಿ ನಿಂತ ಇಂಜಿನ್ನಿಗೆ ಎಲ್ಲಿ ನೋವು ಎಂದು ಕಿವಿಯಿಂದ ಹೇಳುವವನು ನಾನು. ಎದುರು ಕುಳಿತ ಹೆಂಗಸೊಬ್ಬರು ಉಸಿರಿಗೆ ಒದ್ದಾಡುವುದನ್ನು ದೊಡ್ಡಸ್ತಿಕೆ ಎಂದು ಕೇಳಿಸಿಕೊಂಡಿದ್ದೆ. ದನಿ ಪೂರ್ತಿ ಹಿಡಿದಿದ್ದೆ, ಒಂದು ಎಳೆಯೂ ತಪ್ಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಎಲ್ಲವನ್ನೂ ಕೇಳುತ್ತಿದ್ದಳು. ನಾನು ಕನ್ನಡಿ ನೋಡಲಿಲ್ಲ, ನರಗುಂದದ ಗುಡ್ಡ ಕಾಣುವ ತನಕ ಹಿಂದೆ ಯಾವ ಗಾಡಿ ಬರುತ್ತಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಬೀಗರ ಮನೆಯ ಮುಂದೆ ಆರತಿ ಹಿಡಿದು ನಿಂತಿದ್ದರು. ಅಕ್ಕ, ಭಾವ ಇಳಿದರು. ಮಂದಿಯಲ್ಲಿ ಯಾರೋ, ಗ್ರೀಸಿನ ಅಂಗಿ ನೋಡಿ ನನ್ನ ಗುರುತು ಸಿಗದೆ, “ಡ್ರೈವರಗ ಎಲ್ಲಿ ಕುಂಡ್ರಸೂದು?” ಎಂದು ಕೇಳಿದರು. ಅಕ್ಕನ ಅತ್ತೆ ನನ್ನನ್ನು ಒಮ್ಮೆ ನೋಡಿ, “ಹೊರಗಿನ ಕಟ್ಟೀ ಮ್ಯಾಲೆ” ಎಂದು ಒಳಗೆ ಹೋದರು. ನಾನು ಮದುಮಗಳ ತಮ್ಮ ಎಂದು ಹೇಳಿಕೊಳ್ಳಲಿಲ್ಲ. ಡ್ರೈವರ್ ಎಂಬುದೂ ಆ ದಿನ ನನಗೆ ಮೇಲಿನ ಪದವಿಯೇ ಆಗಿತ್ತು.

ಕಟ್ಟೆಯ ಮೇಲೆ ಎಲೆ ಬಂತು. ಕೈ ತೊಳೆದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಒಳಗಿನಿಂದ ನಗು, ತಾಟಿನ ಸಪ್ಪಳ, ಯಾರೋ ಅಕ್ಕನಿಗೆ ಗಂಡನ ಹೆಸರು ಹೇಳು ಎಂದು ಕಾಡುವುದು ಕೇಳುತ್ತಿತ್ತು. ಅಕ್ಕನ ದನಿ ಮಾತ್ರ ಕೇಳಲಿಲ್ಲ. ನಕ್ಕರೂ ತಪ್ಪು, ಸುಮ್ಮನಿದ್ದರೂ ತಪ್ಪು ಎಂದಿದ್ದಳಲ್ಲ. ಎತ್ತಿದ ತುತ್ತನ್ನು ಎಲೆಗೇ ಇಟ್ಟೆ. ಎದ್ದು, ಕೈ ಒರೆಸಿಕೊಂಡು, ಹೊಸ್ತಿಲ ತನಕ ಹೋದೆ. ಒಳಗಿನವರೆಲ್ಲ ತಿರುಗಿ ನೋಡಿದರು. ಅಕ್ಕನ ಅತ್ತೆ ಅಕ್ಕನ ಪಕ್ಕ ಕುಳಿತಿದ್ದರು.

“ಅವ್ವಾರ, ತಪ್ಪಾತ್ರಿ” ಎಂದೆ.

ಎಂಥ ಬಡಕಲು ದನಿ ಅದು. ತಗ್ಗಿನಲ್ಲಿ ಸುರುವಾಗಿ ನಡುವೆ ಒಡೆಯಿತು. ಯಾರದೋ ದನಿಯನ್ನು ಕಲಿಯದೇ ತೆಗೆಯಲು ಹೋದ ಹಾಗಿತ್ತು. ಮಂದಿ ನಕ್ಕಾರು ಎಂದು ಕಾದೆ. ಕೆಲವರು ತುಟಿ ಬಿಗಿಹಿಡಿದಿದ್ದರು. ಅವರು ವಿಡಿಯೋ ನೋಡಿದವರು, ಮುಂದಿನ ನಗೆಗೆ ತಯಾರಾಗಿದ್ದವರು.

ಅಕ್ಕನ ಅತ್ತೆ ತಲೆ ಸ್ವಲ್ಪ ಓರೆ ಮಾಡಿದರು. “ಇದು ಯಾರ ದನಿ?”

“ನಂದ್ರಿ.”

ಅವರು ಅಕ್ಕನ ಕಡೆ ತಿರುಗಿದರು. “ಹೌದೇನವಾ? ಇವಂದ ಹಿಂಗ ಐತಿ?”

ಅಕ್ಕ ನನ್ನನ್ನು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು, ಅವಳ ಭುಜ ಅಲ್ಲಾಡುತ್ತಿತ್ತು. ಆ ಮನೆಯಲ್ಲಿ ಅವಳು ನಕ್ಕ ಮೊದಲ ನಗು ಅದು. ಅದಕ್ಕಾಗಿ ಯಾರ ಹುಬ್ಬೂ ಮೇಲೇರಲಿಲ್ಲ. “ಹೌದ್ರಿ ಅತ್ತೀ” ಎಂದಳು. “ಅವಂದ ಅಷ್ಟ ಇರೂದು. ಅದಕ್ಕ ಮಂದೀದು ತಗೀತಾನ.”

“ಇರ್ಲಿ” ಎಂದರು ಅವರು. ನಡುವೆ ಉಸಿರಿಗೆ ತಡೆದರು. ಎಲ್ಲರೂ ಕಾದರು, ನಾನೂ ಕಾದೆ. “ಹೋಗಿ ಉಣ್ಣು. ಆರಾಕತ್ತೈತಿ.”